ಗದಗಿನ ಪ್ರೆಸ್ಸಿಗೊಂದು ಸ್ವಂತ ಮೇಲ್ ಸರ್ವರ್

ಗದಗ-ಬೆಟಗೇರಿಯಲ್ಲಿ ಹತ್ತು ಮಂದಿ ಕೆಲಸ ಮಾಡುವ ಒಂದು ಪ್ರಿಂಟಿಂಗ್ ಪ್ರೆಸ್ ಇದೆ ಎಂದುಕೊಳ್ಳಿ. ಕ್ಯಾಲೆಂಡರ್, ಲಗ್ನಪತ್ರಿಕೆ, ಪುಸ್ತಕಗಳ ಪ್ರೂಫ್ ದಿನವೂ ಮೇಲ್‌ನಲ್ಲೇ ಓಡಾಡುತ್ತವೆ. ಇದಕ್ಕೆ ಸ್ವಂತದ್ದೊಂದು ಮೇಲ್ ಸರ್ವರ್ (ಮೇಲ್ ಕಳಿಸಿ, ಪಡೆದು, ಕೂಡಿಡುವ, ಸದಾ ನೆಟ್ಟಿನಲ್ಲಿರುವ ಕಂಪ್ಯೂಟರ್) ನಡೆಸಬಹುದು. ಇಷ್ಟಕ್ಕೆ 1 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಇರುವ ಬಾಡಿಗೆ ಸರ್ವರ್ ಸಾಕು. ತಿಂಗಳಿಗೆ ಐನೂರು ರೂಪಾಯಿ ಆಸುಪಾಸು. ಬಂದ ಮೇಲ್ ಇಳಿಸಿಕೊಳ್ಳುವುದು ಸುಲಭ. ಕಳಿಸಿದ ಮೇಲ್ ಎದುರಿನವರ ಇನ್‌ಬಾಕ್ಸಿಗೆ ಮುಟ್ಟಿಸುವುದೇ ನಿಜವಾದ ಕೆಲಸ, ಅದು ನಿಂತಿರುವುದು ನಿಮ್ಮ ಐಪಿ ವಿಳಾಸದ, ಅಂದರೆ ನೆಟ್ಟಿನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆಯ ಮೇಲೆ.

ಪ್ರೆಸ್ಸಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಬಾರದೇಕೆ? ಮಳೆ-ಗುಡುಗಿಗೆ ಕರೆಂಟ್ ಹೋಗುತ್ತದೆ ಎಂಬುದು ದೊಡ್ಡ ಅಡ್ಡಿಯಲ್ಲ. ನಿಮ್ಮ ಸರ್ವರ್ ಮಲಗಿದ್ದರೆ ಕಳಿಸುವ ಸರ್ವರ್ ಮೇಲನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ಪೋಸ್ಟ್‌ಫಿಕ್ಸ್ ತಂತ್ರಾಂಶವಾದರೆ 5 ದಿನ ಕಾಯುತ್ತದೆ. ಅಡ್ಡಿ ಬೇರೆಯೇ ಇದೆ. ಮನೆ-ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಅನೇಕ ಕಡೆ 25ನೇ ಪೋರ್ಟ್ (ಸರ್ವರುಗಳು ಪರಸ್ಪರ ಮೇಲ್ ಸಾಗಿಸುವ ದಾರಿ) ಮುಚ್ಚಿರುತ್ತದೆ, ಎಷ್ಟೋ ಗ್ರಾಹಕರು ಒಂದೇ ಐಪಿ ಹಂಚಿಕೊಂಡಿರುತ್ತಾರೆ, ಅಂಥ ವಿಳಾಸದಿಂದ ನೇರವಾಗಿ ಬಂದ ಮೇಲನ್ನು ದೊಡ್ಡ ಸಂಸ್ಥೆಗಳು ಬಾಗಿಲಲ್ಲೇ ತಡೆಯುತ್ತವೆ.

ಬಾಡಿಗೆಗೆ ಹಿಡಿಯುವ ಮೊದಲು ಎರಡೇ ಪ್ರಶ್ನೆ ಕೇಳಿ: 25ನೇ ಪೋರ್ಟ್ ತೆರೆದುಕೊಡುತ್ತೀರಾ, ಪಿಟಿಆರ್ ರೆಕಾರ್ಡ್ ಹಾಕಲು ಬಿಡುತ್ತೀರಾ? ಐಪಿ ಸಿಕ್ಕ ದಿನವೇ ಸ್ಪ್ಯಾಮ್‌ಹೌಸ್ ಸಂಸ್ಥೆ ಇಡುವ, ಸ್ಪ್ಯಾಮ್ (ಬೇಡದ ಮೇಲ್) ಕಳಿಸುವ ಐಪಿಗಳ ಕಪ್ಪುಪಟ್ಟಿಯಲ್ಲಿ ಹುಡುಕಿ. ಕಪ್ಪುಪಟ್ಟಿಯಲ್ಲಿದ್ದರೆ ಆ ಸರ್ವರ್ ಅಳಿಸಿ ಬೇರೆಯದನ್ನು ಪಡೆಯಿರಿ. ಪಿಟಿಆರ್ ಎಂದರೆ ಐಪಿಯಿಂದ ಹೆಸರು ಹುಡುಕುವ ದಾಖಲೆ. ಅದನ್ನು ಡೊಮೇನ್ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಕೊಂಡ ಕಡೆ ಹುಡುಕಿದರೆ ಸಿಗುವುದಿಲ್ಲ, ಐಪಿ ಕೊಟ್ಟವರ ಬಳಿ ಇರುತ್ತದೆ. ಹೆಸರಿನಿಂದ ಐಪಿ, ಐಪಿಯಿಂದ ಅದೇ ಹೆಸರು, ಎರಡೂ ಹೊಂದಬೇಕು. ಸರ್ವರಿಗೆ ಐಪಿವಿ6 (ಹೊಸ, ಉದ್ದನೆಯ ಬಗೆಯ ಐಪಿ) ವಿಳಾಸವೂ ಇದ್ದು ಅದಕ್ಕೆ ಪಿಟಿಆರ್ ಇಲ್ಲದಿದ್ದರೆ ಜಿಮೇಲ್ ನಿಮ್ಮ ಮೇಲನ್ನು ತಿರಸ್ಕರಿಸುತ್ತದೆ. ಪೋಸ್ಟ್‌ಫಿಕ್ಸ್‌ಗೆ ಹಳೆಯ ಬಗೆಯ ಐಪಿವಿ4 ಮಾತ್ರ ಬಳಸಲು ಹೇಳಿಬಿಡಿ.

ಸರ್ವರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರ ಮೇಲೆ ಕಳಿಸಲು-ಪಡೆಯಲು ಪೋಸ್ಟ್‌ಫಿಕ್ಸ್, ಮೇಲ್ ಇಟ್ಟು ಫೋನಿಗೆ ತೋರಿಸಲು ಡವ್‌ಕಾಟ್ ಸಾಕು. ಕ್ಲಾಮ್‌ಎವಿ ವೈರಸ್ ತಪಾಸಕ ಒಂದೇ 1 ಜಿಬಿಗಿಂತ ಹೆಚ್ಚು ರ‍್ಯಾಮ್ ನುಂಗುವುದರಿಂದ ಈ ಬಜೆಟ್ಟಿನಲ್ಲಿ ಅದು ಬೇಡ.

ಇನ್ನು ಹೆಸರಿನಿಂದ ಐಪಿ ತಿಳಿಸುವ ನೆಟ್ಟಿನ ದಾಖಲೆ ಪುಸ್ತಕವಾದ ಡಿಎನ್ಎಸ್‌ನಲ್ಲಿ ಮೂರು ದಾಖಲೆ. ನಿಮ್ಮ ಹೆಸರಿನಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಸಾರುತ್ತದೆ. ಡಿಕಿಮ್ ಪ್ರತಿ ಮೇಲಿಗೂ ಗಣಿತದ ಮೊಹರು ಒತ್ತುತ್ತದೆ. ಇವೆರಡೂ ತಪ್ಪಿದ ಮೇಲನ್ನು ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. ಎಡವುವುದು ಹೆಚ್ಚಾಗಿ ಡಿಕಿಮ್‌ನಲ್ಲಿ: ಆ ಮೊಹರನ್ನು ಪರೀಕ್ಷಿಸಲು ಡಿಎನ್ಎಸ್‌ನಲ್ಲಿಡುವ 2048 ಬಿಟ್ಟಿನ ಕೀಲಿ ದಾಖಲೆಯ ಒಂದು ತುಂಡಿನ ಮಿತಿಯಾದ 255 ಅಕ್ಷರಗಳಲ್ಲಿ ಹಿಡಿಯುವುದಿಲ್ಲ. ಉದ್ಧರಣ ಚಿಹ್ನೆ ಹಾಕಿ ಎರಡು ತುಂಡು ಮಾಡಬೇಕು. ಗ್ರಾಹಕರು ನಿಮ್ಮ ಮೇಲನ್ನು ಬೇರೊಂದು ಖಾತೆಗೆ ತಾನಾಗಿ ಹೋಗುವಂತೆ ಇಟ್ಟಿದ್ದರೆ ಎಸ್‌ಪಿಎಫ್ ಮುರಿಯುತ್ತದೆ, ಡಿಕಿಮ್ ಸಾಮಾನ್ಯವಾಗಿ ಉಳಿಯುತ್ತದೆ. ಆದ್ದರಿಂದ ಎರಡೂ ಬೇಕೇ ಬೇಕು. ಡಿಮಾರ್ಕನ್ನು ಮೊದಲು ಬರೀ ವರದಿ ತರಿಸಿಕೊಳ್ಳುವ ಮಟ್ಟದಲ್ಲಿಡಿ, ವರದಿಗಳು ಸರಿಯಾಗಿ ಬಂದ ಮೇಲೆ ಬಿಗಿಗೊಳಿಸಿ.

ಪ್ರೆಸ್ಸಿನವರಿಗೆ ಬೇಗ ಎದುರಾಗುವುದು ಗಾತ್ರದ ತೊಂದರೆ. ಲಗತ್ತು ಮೇಲಿನಲ್ಲಿ ಅಕ್ಷರರೂಪ ತಾಳುವಾಗ ಪ್ರತಿ 3 ಬೈಟ್ 4 ಆಗುತ್ತದೆ. ಹಾಗಾಗಿ 8 ಎಂಬಿ ಕ್ಯಾಲೆಂಡರ್ ಪ್ರೂಫ್ ಸುಮಾರು 11 ಎಂಬಿಗೆ ಉಬ್ಬುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಮಿತಿ 10240000 ಬೈಟ್, ಮೇಲ್ ವಾಪಸ್! ಅದರ message_size_limit ಎಂಬ ಸೆಟ್ಟಿಂಗನ್ನು 35000000ಕ್ಕೆ ಏರಿಸಿ.

ಸಿಬ್ಬಂದಿಯಲ್ಲಿ ಒಬ್ಬರ ಪಾಸ್‌ವರ್ಡ್ ಕಳವಾದರೂ ಕದ್ದವರು ಅದರಿಂದ ಸ್ಪ್ಯಾಮ್ ಕಳಿಸಿ, ರಾತ್ರಿ ಬೆಳಗಾಗುವುದರಲ್ಲಿ ಐಪಿಯ ಹೆಸರು ಕೆಡುತ್ತದೆ. ಉದ್ದನೆಯ ಪಾಸ್‌ವರ್ಡ್ ಕೊಡಿ, ಪ್ರತಿ ಖಾತೆಗೆ ಗಂಟೆಗಿಷ್ಟೇ ಮೇಲ್ ಎಂದು ಮಿತಿ ಹಾಕಿ, ಹೊರಹೋಗುವ ಸಾಲನ್ನು ದಿನಕ್ಕೊಮ್ಮೆ ನೋಡಿ. ಸರ್ವರಿನ ಗುರುತು ಖಚಿತಪಡಿಸಿ ಸಂಪರ್ಕವನ್ನು ಗೂಢವಾಗಿಡಲು ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ 90 ದಿನದ್ದು. ತಾನಾಗಿ ನವೀಕರಣವಾದರೂ ಡವ್‌ಕಾಟನ್ನು ರೀಲೋಡ್ ಮಾಡದಿದ್ದರೆ ಹಳೆಯದನ್ನೇ ತೋರಿಸುತ್ತಿರುತ್ತದೆ. ಆ ಆಜ್ಞೆಯನ್ನೂ ನವೀಕರಣಕ್ಕೇ ಜೋಡಿಸಿಡಿ.

ಮೂಲೆಯ ಹಳೆಯ ಕಂಪ್ಯೂಟರನ್ನು ಬ್ಯಾಕಪ್ಪಿಗೆ ಬಳಸಿ. ಪ್ರತಿ ರಾತ್ರಿ ಆ ಕಂಪ್ಯೂಟರೇ ಸರ್ವರಿನಿಂದ ನಕಲನ್ನು ಎಳೆದುಕೊಳ್ಳಲಿ. ಸರ್ವರ್ ಅದಕ್ಕೆ ತಳ್ಳುವಂತೆ ಇಟ್ಟರೆ, ಸರ್ವರಿಗೆ ನುಗ್ಗಿದವರ ಕೈಗೆ ಬ್ಯಾಕಪ್ಪಿನ ಕೀಲಿಯೂ ಸಿಗುತ್ತದೆ.