ಇಂಗ್ಲಿಷ್ ಕಲಿಕೆಗೆ ಶಾಲಾ ಕ್ಲಬ್ಬುಗಳು ಏನು ಕೊಡುತ್ತವೆ? ಒಂದು ಅಧ್ಯಯನ ಟಿಪ್ಪಣಿ

ಮೊದಲು ತರಗತಿಯ ಮಾತನ್ನು ಗಮನಿಸಿ. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಒಬ್ಬರು ಉತ್ತರ ಹೇಳುತ್ತಾರೆ, ಶಿಕ್ಷಕರು ಸರಿ ಅಥವಾ ತಪ್ಪು ಅನ್ನುತ್ತಾರೆ. ಈ ಮೂರು ಹೆಜ್ಜೆಯ ಮಾದರಿಯನ್ನು ಭಾಷಾವಿಜ್ಞಾನಿಗಳಾದ ಸಿಂಕ್ಲೇರ್ ಮತ್ತು ಕೌಲ್ಟ್‌ಹಾರ್ಡ್ 1975ರಲ್ಲಿ ವಿವರಿಸಿದರು. ಇದರಲ್ಲಿ ವಿದ್ಯಾರ್ಥಿಗೆ ಸಿಗುವುದು ನಡುವಿನ ಹೆಜ್ಜೆ ಮಾತ್ರ. ಪ್ರಶ್ನೆ ಕೇಳುವುದು, ಒಪ್ಪದಿರುವುದು, ಮಾತನ್ನು ಬೇರೆ ಕಡೆ ತಿರುಗಿಸುವುದು ಎಲ್ಲ ಶಿಕ್ಷಕರ ಪಾಲು.

ಕ್ಲಬ್ಬಿನಲ್ಲಿ ಈ ಹಂಚಿಕೆ ಬದಲಾಗುತ್ತದೆ. ನಾಟಕದಲ್ಲಿ ಯಾವ ಪಾತ್ರ ಯಾರಿಗೆ, ಗೋಡೆಪತ್ರಿಕೆಯಲ್ಲಿ ಯಾವ ಸುದ್ದಿ ಮೇಲೆ ಬರಬೇಕು ಅಂತ ಮಕ್ಕಳೇ ತೀರ್ಮಾನಿಸಬೇಕು. ಹಾಗಾಗಿ ಅವರೇ ಕೇಳಬೇಕು, ತಡೆಯಬೇಕು, ಒಪ್ಪಿಸಬೇಕು. ಕ್ಲಬ್ಬಿನಿಂದ ಏನು ಲಾಭ ಅಂತ ಕೇಳಿದರೆ 'ಭಯ ಹೋಗುತ್ತದೆ' ಅಂತಲೇ ಎಲ್ಲರೂ ಉತ್ತರ ಬರೆಯುತ್ತಾರೆ. ಅದೂ ನಿಜವೇ. ಆತಂಕ ಜಾಸ್ತಿಯಾದರೆ ಕೇಳಿದ್ದೂ ಒಳಗಿಳಿಯುವುದಿಲ್ಲ ಅಂತ ಭಾಷಾ ಕಲಿಕೆಯ ಸಂಶೋಧಕ ಸ್ಟೀಫನ್ ಕ್ರಾಶೆನ್ ವಾದಿಸಿದ್ದರು. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಉತ್ತರ.

ಉಳಿದರ್ಧ ಇನ್ನೊಬ್ಬ ಸಂಶೋಧಕಿ ಮೆರಿಲ್ ಸ್ವೇನ್ ಅವರಲ್ಲಿ ಸಿಗುತ್ತದೆ. ಅವರು ಗಮನಿಸಿದ ಪ್ರಕಾರ, ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದುತ್ತಿದ್ದರು. ಕೇಳಿದ್ದು, ಓದಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತು ಮತ್ತು ಬರಹದ ವ್ಯಾಕರಣ ಮಾತ್ರ ಹಿಂದೆ ಉಳಿದಿತ್ತು. ಅರ್ಥ ಮಾಡಿಕೊಳ್ಳುವಾಗ ಸಂದರ್ಭದಿಂದ ಊಹಿಸಿ ದಾಟಿಬಿಡಬಹುದು. ಹೇಳುವಾಗ ಹಾಗಾಗುವುದಿಲ್ಲ, ವಾಕ್ಯವನ್ನು ನಾವೇ ಕಟ್ಟಬೇಕು. ಆಗಲೇ 'ಇದನ್ನು ಹೇಳಲು ನನಗೆ ಬರುತ್ತಿಲ್ಲವಲ್ಲ' ಅಂತ ಗೊತ್ತಾಗುವುದು. 1985ರಲ್ಲಿ ಅವರು ಮಂಡಿಸಿದ ವಾದದ ತಿರುಳು ಇದು. ಕ್ಲಬ್ಬಿನಲ್ಲಿ ಇಂಥ ಇಕ್ಕಟ್ಟು ಮತ್ತೆ ಮತ್ತೆ ಬರುತ್ತದೆ. ಎದುರಿಗಿರುವವರಿಗೆ ಅರ್ಥವಾಗದಿದ್ದರೆ ಬೇರೆ ರೀತಿ ಹೇಳಲೇಬೇಕು, ಅಲ್ವಾ?

ಯಾವ ಕ್ಲಬ್ಬಿನಿಂದ ಏನು?

ಎಲ್ಲ ಕ್ಲಬ್ಬುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾಟಕದಲ್ಲಿ ಒಂದೇ ಸಾಲನ್ನು ಹತ್ತಾರು ಸಲ ಹೇಳುತ್ತಾರೆ, ಆದರೂ ಬೇಸರವಾಗುವುದಿಲ್ಲ. ಯಾಕೆಂದರೆ ಪ್ರತಿ ಸಲ ಕೋಪ, ವೇಗ, ಒತ್ತು ಬದಲಾಗುತ್ತದೆ. ಉಚ್ಚಾರಣೆಗೂ ನಿರರ್ಗಳತೆಗೂ ಇದು ಒಳ್ಳೆಯದು. ಸ್ವಂತ ವಾಕ್ಯ ಕಟ್ಟುವ ಅಭ್ಯಾಸ ಮಾತ್ರ ಕಡಿಮೆ. ತಾಲೀಮಿನ ನಡುವಿನ ಚರ್ಚೆಯೂ ಇಂಗ್ಲಿಷಿನಲ್ಲಿ ನಡೆದರೆ ಆ ಕೊರತೆ ತುಂಬುತ್ತದೆ.

ಚರ್ಚಾ ಕ್ಲಬ್ಬಿನ ಲಾಭ ಬೇರೆ. ದಿನನಿತ್ಯದ ಮಾತುಕತೆಯ ಭಾಷೆ ಬೇಗ ಬರುತ್ತದೆ, ಪಾಠದ ಭಾಷೆಗೆ ಅದಕ್ಕಿಂತ ಹಲವು ವರ್ಷ ಜಾಸ್ತಿ ಬೇಕು ಎಂದು ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ ವಿಂಗಡಿಸಿದ್ದರು. ಕಾರಣ ಕೊಡುವುದು, ಹೋಲಿಸುವುದು, ಎದುರಾಳಿಯ ಮಾತನ್ನು ಒಂದೇ ವಾಕ್ಯಕ್ಕೆ ಇಳಿಸಿ ಖಂಡಿಸುವುದು ಈ ಎರಡನೇ ಬಗೆಗೆ ಸೇರುತ್ತವೆ.

ಓದುವ ಕ್ಲಬ್ಬು ಸುಮ್ನೆ ಕೂತಂತೆ ಕಾಣುತ್ತದೆ, ಆದರೆ ಅದನ್ನು ಕಡೆಗಣಿಸಬೇಡಿ. ವಾರ್ವಿಕ್ ಎಲೀ ಮತ್ತು ಫ್ರಾನ್ಸಿಸ್ ಮಂಗುಭಾಯ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಫಿಜಿಯ ಅಧ್ಯಯನದಲ್ಲಿ, ಹಳ್ಳಿ ಶಾಲೆಗಳ ಮಕ್ಕಳಿಗೆ ಆಸಕ್ತಿ ಹುಟ್ಟಿಸುವ ಇಂಗ್ಲಿಷ್ ಕಥೆಪುಸ್ತಕಗಳನ್ನು ರಾಶಿಯಾಗಿ ಕೊಟ್ಟಿದ್ದರು. ಆ ಮಕ್ಕಳು ಓದುವುದರಲ್ಲಿ ಇತರರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಅದು ನಡೆದದ್ದು ತರಗತಿಯಲ್ಲಿ, ನಿಜ. ಆದರೂ ಸುಲಭವಾದದ್ದನ್ನು, ಇಷ್ಟವಾದದ್ದನ್ನು ಜಾಸ್ತಿ ಓದುವ ವಿಧಾನ ಕ್ಲಬ್ಬಿಗೂ ಹೊಂದುತ್ತದೆ.

ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಫ್ರೆಂಚ್ ಮಾತಾಡಲು ಬಾರದ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು! ಆಟಕ್ಕೆ ಕಾಗುಣಿತ ಸಾಕು, ಅರ್ಥ ಬೇಕಿಲ್ಲ. ಹಾಕಿದ ಪದವನ್ನು ವಾಕ್ಯದಲ್ಲಿ ಬಳಸಿದರಷ್ಟೇ ಅಂಕ ಎಂಬ ನಿಯಮ ಸೇರಿಸಿದರೆ ಪರವಾಗಿಲ್ಲ.

ಎಲ್ಲಿ ಎಡವುತ್ತದೆ?

ಮೊದಲೇ ಚೆನ್ನಾಗಿ ಮಾತಾಡುವ ನಾಲ್ಕು ಜನ ಎಲ್ಲವನ್ನೂ ನಡೆಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಇದು ಸಾಮಾನ್ಯ ತೊಂದರೆ. ನಿರೂಪಣೆ, ವರದಿ, ಸಮಯ ನೋಡುವುದು, ಪ್ರಶ್ನೆ ಕೇಳುವುದು ಇವನ್ನು ಸರದಿಯಂತೆ ಹಂಚಬೇಕು. ಇನ್ನು ಮನೆಮಾತು. ಅದನ್ನು ಪೂರ್ತಿ ನಿಷೇಧಿಸಿದರೆ ಹೊಸಬರು ಬಾಯಿಯೇ ತೆರೆಯುವುದಿಲ್ಲ. ಯೋಜನೆ ಹಾಕುವಾಗ ಯಾವ ಭಾಷೆಯಾದರೂ ಇರಲಿ, ಎಲ್ಲರ ಮುಂದೆ ಇಡುವುದು ಇಂಗ್ಲಿಷಿನಲ್ಲಿ ಇರಲಿ. ಮಾತಿನ ನಡುವೆ ತಡೆದು ತಿದ್ದಬೇಡಿ. ಮತ್ತೆ ಮತ್ತೆ ಬಂದ ಎರಡು ಮೂರು ತಪ್ಪುಗಳನ್ನು ಬರೆದಿಟ್ಟುಕೊಂಡು, ಕೊನೆಯ ಐದು ನಿಮಿಷದಲ್ಲಿ ಹೆಸರು ಹೇಳದೆ ಬೋರ್ಡಿನ ಮೇಲೆ ಚರ್ಚಿಸಬಹುದು.