ಸ್ಟೆನಾಜೋ: ಗುಡುಗಿನಿಂದ ನಿಟ್ಟುಸಿರಿನವರೆಗೆ

ಹಳೆಯ ಗ್ರೀಕ್ ಕಲಿಯುವವರಿಗೆ ಸ್ಟೆನಾಜೋ ಎಂಬ ಕ್ರಿಯಾಪದ ತಲೆ ತಿನ್ನುತ್ತದೆ. ಒಂದು ಕಡೆ ನಿಟ್ಟುಸಿರು, ಇನ್ನೊಂದು ಕಡೆ ನರಳಾಟ, ಮತ್ತೆಲ್ಲೋ ಗೊಣಗಾಟ. ಒಂದೇ ಪದಕ್ಕೆ ಇಷ್ಟೆಲ್ಲ ಅರ್ಥ ಎಲ್ಲಿಂದ ಬಂತು?

ಬೇರು ಹಿಡಿದು ಹೋದರೆ ಸಿಗುವುದು ಗುಡುಗು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ‘ದ ದ ದ’ ಅನ್ನುತ್ತದಲ್ವಾ ಸ್ತನಯಿತ್ನು, ಅಂದರೆ ಗುಡುಗು, ಆ ಪದವೂ ಇದೂ ಒಂದೇ ಬೇರಿನವು. ಆಫೀಸಿನ ‘ಸ್ಟೆನೋ’ ಮಾತ್ರ ಬೇರೆ ಮನೆಯದು. ಅದು ಇಕ್ಕಟ್ಟು ಎಂಬ ಅರ್ಥದ ಸ್ಟೆನೋಸ್‌ನಿಂದ ಬಂದದ್ದು.

ಗ್ರೀಕ್ ಮಹಾಕವಿ ಹೋಮರನಲ್ಲಿ ಸಿಗುವ ಹಳೆಯ ರೂಪ ಸ್ಟೆನಾಖೋ. ಅವನ ಟ್ರಾಯ್ ಯುದ್ಧದ ಕಾವ್ಯ ಇಲಿಯಡ್‌ನಲ್ಲಿ ಬಿರುಮಳೆಗೆ ಉಕ್ಕಿದ ಹೊಳೆಗಳು ಬೆಟ್ಟದಿಂದ ಕಡಲಿಗೆ ನುಗ್ಗುವ ಮೊರೆತಕ್ಕೂ ಇದೇ ಪದ, ಓಡುವ ಟ್ರಾಯ್ ಕುದುರೆಗಳ ನರಳಾಟಕ್ಕೂ ಇದೇ ಪದ. 19ನೇ ಭಾಗ ನೋಡಿ. ಸೆರೆಯಾಳು ಬ್ರಿಸೇಯಿಸ್ ಯುದ್ಧದಲ್ಲಿ ಸತ್ತ ಗ್ರೀಕ್ ವೀರ ಪ್ಯಾಟ್ರೋಕ್ಲಸ್‌ನ ಹೆಣದ ಮೇಲೆ ಬಿದ್ದು, ಎದೆ, ಕೊರಳು, ಮುಖ ಪರಚಿಕೊಂಡು ಅಳುತ್ತಾಳೆ. ಗಂಡ, ಮೂವರು ಅಣ್ಣತಮ್ಮಂದಿರು ಸತ್ತದ್ದನ್ನೂ ನೆನೆಯುತ್ತಾಳೆ. ಸುತ್ತಲಿನ ಹೆಂಗಸರು ದನಿಗೂಡಿಸುತ್ತಾರೆ, ಅದಕ್ಕೂ ಇದೇ ಪದ. ಹೆಸರಿಗೆ ಪ್ಯಾಟ್ರೋಕ್ಲಸ್‌ಗಾಗಿ, ಆದರೆ ಒಬ್ಬೊಬ್ಬಳೂ ಅಳುವುದು ತನ್ನದೇ ದುಃಖಕ್ಕೆ. ಇಲ್ಲಿ ‘ನಿಟ್ಟುಸಿರು ಬಿಟ್ಟರು’ ಅಂತ ಸುಮ್ನೆ ಬರೆದುಬಿಟ್ಟರೆ ಆ ದನಿಯೇ ಅಡಗಿಹೋಗುತ್ತದೆ, ನನಗಂತೂ ಸಂಕಟವಾಗುತ್ತದೆ. ನಿಟ್ಟುಸಿರು ಅಂದರೆ ನೀಳವಾದ ಉಸಿರು, ಒಬ್ಬರೇ ಬಿಡುವಂಥದ್ದು. ಇವರದ್ದು ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಾಡ್ಯಾಡಿ ಅಳುತ್ತಾರಲ್ಲ, ಆ ಥರದ್ದು.

ಆಮೇಲೆ ಅಳುವಿಗೂ ಲಗಾಮು ಬಿತ್ತು. ಕ್ರಿ.ಪೂ. 6ನೇ ಶತಮಾನದ ಆರಂಭದ ಹೊತ್ತಿಗೆ ಅಥೆನ್ಸಿನಲ್ಲಿ ಶಾಸನಕರ್ತ ಸೋಲನ್ ಕಾಲದ ಕಾನೂನು ಶವಸಂಸ್ಕಾರದಲ್ಲಿ ಮೈ ಪರಚಿಕೊಳ್ಳುವುದನ್ನು, ಕಟ್ಟಿದ ಶೋಕಗೀತೆ ಹಾಡುವುದನ್ನು ತಡೆಯಿತು. ಬೀದಿಯಲ್ಲಿ ತಗ್ಗಿದ ಗೋಳು ಮುಂದೆ ದುರಂತ ನಾಟಕಗಳ ರಂಗದ ಮೇಲೆ ಕೇಳಿಸಿತು.

ಶತಮಾನಗಳು ಕಳೆದು ಬೈಬಲ್ಲಿನ ಹೊಸ ಒಡಂಬಡಿಕೆಗೆ ಬಂದರೆ ದನಿ ಇನ್ನೂ ತಗ್ಗಿದೆ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಕಿವುಡನನ್ನು ವಾಸಿಮಾಡುವ ಮೊದಲು ಆಕಾಶ ನೋಡಿ ಸ್ಟೆನಾಜೋ ಮಾಡುತ್ತಾನೆ, ಅಲ್ಲಿ ನಿಟ್ಟುಸಿರೇ ಸರಿ. ಯಾಕೋಬನ ಪತ್ರದಲ್ಲಿ ಒಬ್ಬರ ಮೇಲೊಬ್ಬರು ಗೊಣಗಬೇಡಿ ಎನ್ನುವಾಗಲೂ ಅದೇ ಕ್ರಿಯಾಪದ. ಆದರೆ ರೋಮನ್ನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಅದಕ್ಕೆ ‘ಜೊತೆಗೆ’ ಎಂಬ ‘ಸು’ ಸೇರಿಸಿ ಸುಸ್ಟೆನಾಜೈ ಅನ್ನುತ್ತಾನೆ: ಇಡೀ ಸೃಷ್ಟಿಯೇ ಹೆರಿಗೆನೋವಿನಲ್ಲಿ ಒಟ್ಟಿಗೆ ನರಳುತ್ತಿದೆ. ಬ್ರಿಸೇಯಿಸ್‌ಳ ಸುತ್ತ ನಿಂತ ಹೆಂಗಸರ ಆ ‘ಒಟ್ಟಿಗೆ’ ಇಲ್ಲಿ ಮತ್ತೆ ಕೇಳಿಸುತ್ತದೆ.