ಹೊಗೆ ಹೋಗುವ ದಿಕ್ಕು

ಬಾಣಬಿರುಸಿನ ಪ್ರದರ್ಶನ ಇಟ್ಟುಕೊಂಡವರು ಮಳೆಗೆ ಹೆದರುತ್ತಾರೆ. ನನ್ನ ಕಣ್ಣು ಗಾಳಿಯ ಮೇಲೆ. ಜೋರಾಗಿ ಬೀಸಿದರೆ ಕಿಡಿ ಜನರತ್ತ ಬೀಳುತ್ತದೆ, ನಿಲ್ಲಿಸಲೇಬೇಕು. ಎಲೆ ಅಲುಗದ ರಾತ್ರಿಯೂ ನನಗೆ ಬೇಡ. ಸ್ವಲ್ಪ ಹೊತ್ತಿಗೇ ಹೊಗೆ ಕಟ್ಟಿಕೊಂಡು, ಆಮೇಲೆ ಹಾರಿಸಿದ್ದೆಲ್ಲ ಮೋಡದೊಳಗೆ ಬಲ್ಬು ಹೊತ್ತಿಸಿದಂತೆ ಕಾಣುತ್ತದೆ.

ಶೆಲ್ ಎಂದರೆ ಗಟ್ಟಿ ಕಾಗದದ ಚಿಪ್ಪು. ಒಳಗೆ ಗೋಲಿಗಳ ಹಾಗೆ ಜೋಡಿಸಿದ ಮದ್ದಿನುಂಡೆಗಳು. ನಮ್ಮ ಬಾಯಲ್ಲಿ ಅವು 'ಸ್ಟಾರ್'. ನಡುವೆ ಅವನ್ನು ಚೆದುರಿಸುವ ಮದ್ದು. ಬುಡದಲ್ಲಿ ಶೆಲ್ಲನ್ನು ಮೇಲಕ್ಕೆಸೆಯುವ ಕಪ್ಪು ಮದ್ದು: ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಕೊಳವೆಯೊಳಗೆ ಇಳಿಸಿ ದೂರದಿಂದ ಕರೆಂಟು ಹಾಯಿಸಿದರೆ ಶೆಲ್ ಚಿಮ್ಮುತ್ತದೆ. ಅದೇ ಬೆಂಕಿ ನಿಧಾನವಾಗಿ ಉರಿಯುವ ಬತ್ತಿಗೂ ತಗಲುತ್ತದೆ. ಶೆಲ್ಲಿನ ಏರುವ ವೇಗ ಮುಗಿಯುವ ಹೊತ್ತಿಗೆ ಆ ಬತ್ತಿ ಒಳಮದ್ದನ್ನು ಮುಟ್ಟಬೇಕು. ನಮ್ಮ ಬಾಯಿಲೆಕ್ಕ, ಶೆಲ್ಲಿನ ಅಡ್ಡಳತೆಯ ಇಂಚಿಗೆ ನೂರಡಿ: 6 ಇಂಚಿನದು ಸುಮಾರು 600 ಅಡಿಗೆ ಹೋಗಿ ಅರಳುತ್ತದೆ.

ಸ್ಟಾರ್‌ಗಳಿಗೆ ಬಣ್ಣ ಕೊಡುವುದು ಲೋಹಗಳು: ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ತಾಮ್ರ ನೀಲಿ. ಈ ನೀಲಿಯೇ ಹಟಮಾರಿ. ಬಿಸಿ ಹೆಚ್ಚಾದರೆ ಬಣ್ಣ ಕೊಡುವ ತಾಮ್ರದ ಕ್ಲೋರೈಡ್ ಒಡೆದುಹೋಗುತ್ತದೆ, ಕಡಿಮೆಯಾದರೆ ಮಂಕು. ಯಾರದೇ ಕೈಗುಣ ಅಳೆಯಬೇಕೆಂದರೆ ನಾನು ಮೊದಲು ನೋಡುವುದು ಅವರ ನೀಲಿಯನ್ನು.

ಬಣ್ಣ ಆರಿದರೂ ಲೋಹ ಎಲ್ಲಿಗೂ ಹೋಗುವುದಿಲ್ಲ. ಸಣ್ಣ ಕಣವಾಗಿ ಹೊಗೆಯಲ್ಲಿ ತೇಲುತ್ತದೆ, ಕೆಳಗಿಳಿಯುತ್ತದೆ. ಡಿಸ್ನಿಲ್ಯಾಂಡ್ 2004ರಲ್ಲಿ ಕಪ್ಪು ಮದ್ದಿನ ಬದಲು ಒತ್ತಿದ ಗಾಳಿಯಿಂದ ಶೆಲ್ ಹಾರಿಸತೊಡಗಿತು. ಒಳ್ಳೆಯದೇ, ಬುಡದ ಹೊಗೆ ತಪ್ಪಿತು. ಮೇಲಿನದು ಹಾಗೇ ಇದೆ.

ಸದ್ದಿನ ಮಾತು ಬೇರೆ. ನೆದರ್ಲೆಂಡ್ಸಿನಲ್ಲಿ ಹೊಸವರ್ಷದ ನಡುರಾತ್ರಿ ಸಾವಿರಾರು ಹಕ್ಕಿಗಳು ಒಮ್ಮೆಗೇ ಎದ್ದು, 500 ಮೀಟರ್ ಎತ್ತರದಲ್ಲಿ ಗುಂಪುಗಟ್ಟಿದ್ದು ಹವಾಮಾನದ ರಾಡಾರಿನಲ್ಲೇ ಕಂಡಿದೆ. ಸದ್ದು ಕಡಿಮೆ ಮಾಡಿ ಬಣ್ಣ ಹೆಚ್ಚಿಸಿ ಎಂದರೆ ನಾನು ಖುಷಿಯಿಂದ ಒಪ್ಪುತ್ತೇನೆ.

ಕಷ್ಟ ಇರುವುದು ನೀರಿನ ವಿಷಯದಲ್ಲಿ. ಕಿಡಿ, ಹೊಗೆ ಎರಡೂ ನೀರಿನ ಕಡೆ ಹೋದರೆ ಜನರಿಗೆ ಕ್ಷೇಮ, ಪ್ರತಿಬಿಂಬವೂ ಚೆಂದ. ಹಾಗಾಗಿ ಎಲ್ಲರೂ ಕೆರೆದಂಡೆಯನ್ನೇ ಕೇಳುತ್ತಾರೆ. ಆದರೆ ಪೂರ್ತಿ ಉರಿಯದ ಮದ್ದಿನಲ್ಲಿ, ಉರಿಯಲು ಆಮ್ಲಜನಕ ಒದಗಿಸುವ ಲವಣವಾದ ಪರ್‌ಕ್ಲೋರೇಟ್ ಉಳಿದಿರುತ್ತದೆ. ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ದೇಹದೊಳಗೆ ಸೇರಿದರೆ ಥೈರಾಯ್ಡ್ ಅಯೋಡಿನ್ ಹೀರುವುದಕ್ಕೆ ಅಡ್ಡಬರುತ್ತದೆ. ಅಮೆರಿಕದ ಓಕ್ಲಹೋಮಾದ ಏಡಾ ಊರಿನ ಕೆರೆಯಲ್ಲಿ ಪ್ರದರ್ಶನ ಮುಗಿದ 14 ಗಂಟೆಯೊಳಗೆ ಪರ್‌ಕ್ಲೋರೇಟ್ ಮೊದಲಿಗಿಂತ 24ರಿಂದ 1,028 ಪಟ್ಟು ಏರಿತ್ತು. ಮತ್ತೆ ಇಳಿಯಲು 20ರಿಂದ 80 ದಿನ ಹಿಡಿಯಿತು.

ಅದಕ್ಕೇ ಈಗ ಜಾಗ ನೋಡಲು ಹೋದಾಗ ನನ್ನ ಮೊದಲ ಪ್ರಶ್ನೆ: ಈ ನೀರು ಯಾರ ಮನೆಯ ನಲ್ಲಿಗೆ ಹೋಗುತ್ತದೆ?